ಒಂದೇ ಮನೆ, ತಮ್ಮನಿಗೆ ವಿಮೆ, ಅಕ್ಕನಿಗಿಲ್ಲ

ಸಂಪಾದಕರಿಗೆ ನಮಸ್ಕಾರ.

ಅಮೆರಿಕ ಅಂದರೆ ಎಲ್ಲರೂ ಸಾಫ್ಟ್‌ವೇರ್‌ನವರೇ ಅಂದುಕೊಳ್ಳುತ್ತೇವೆ ಅಲ್ವಾ? ನಮ್ಮ ಪಕ್ಕದ ಮನೆಯವರು ಹಾಸನದ ಕಡೆಯವರು, ಗ್ರೀನ್ ಕಾರ್ಡ್ ಮೇಲೆ ಬಂದವರು, ಪೆಟ್ರೋಲ್ ಬಂಕ್‌ನಲ್ಲಿ ಗಂಟೆ ಲೆಕ್ಕದ ಕೆಲಸ. ಮೊನ್ನೆ ಅವರ ಮಗಳಿಗೆ ರಾತ್ರಿಯೆಲ್ಲ ಕಿವಿನೋವು. ಆಸ್ಪತ್ರೆ ಬಿಲ್ಲಿಗೆ ಹೆದರಿ ತಾಯಿ ಬಿಸಿ ಬಟ್ಟೆ ಒತ್ತುತ್ತಲೇ ಬೆಳಗು ಮಾಡಿದರು. ಇಲ್ಲೇ ಹುಟ್ಟಿದ ತಮ್ಮನಿಗೆ ಸರ್ಕಾರಿ ವಿಮೆ ಇದೆ, ಊರಲ್ಲಿ ಹುಟ್ಟಿದ ಅಕ್ಕನಿಗಿಲ್ಲ!

ಬಡ ಮಕ್ಕಳಿಗೆ ಮೆಡಿಕೈಡ್ ಅನ್ನುವ ಸರ್ಕಾರಿ ವಿಮೆ, ಸ್ವಲ್ಪ ಜಾಸ್ತಿ ಆದಾಯ ಇದ್ದವರ ಮಕ್ಕಳಿಗೆ 1997ರಲ್ಲಿ ಬಂದ ಚಿಪ್ (CHIP) ಅನ್ನುವ ಇನ್ನೊಂದು ವಿಮೆ ಇದೆ. ಆದರೆ 1996ರ ಕಾನೂನು, ಕಾಗದಪತ್ರ ಎಲ್ಲ ಸರಿಯಿದ್ದು ಬಂದವರನ್ನೂ ಐದು ವರ್ಷ ಈ ವಿಮೆಗಳಿಂದ ಹೊರಗೇ ನಿಲ್ಲಿಸಿತು. 2009ರಲ್ಲಿ ಒಬಾಮ ಸಹಿ ಹಾಕಿದ ಕಾಯ್ದೆ ಮಕ್ಕಳಿಗೂ ಗರ್ಭಿಣಿಯರಿಗೂ ಈ ಕಾಯುವಿಕೆ ತೆಗೆಯಲು ದಾರಿ ಮಾಡಿತು, ಹಣಕ್ಕಾಗಿ ಸಿಗರೇಟ್ ತೆರಿಗೆಯನ್ನು ಪ್ಯಾಕಿಗೆ 39 ಸೆಂಟ್‌ನಿಂದ 1.01 ಡಾಲರ್‌ಗೆ ಏರಿಸಿದರು, ಆದರೆ ತೀರ್ಮಾನ ಮಾತ್ರ ಆಯಾ ರಾಜ್ಯಕ್ಕೇ ಬಿಟ್ಟರು. ಹೆಚ್ಚಿನ ರಾಜ್ಯಗಳು ಒಪ್ಪಿವೆ. ನಮ್ಮದು ಒಪ್ಪಿಲ್ಲ. ಮೊದಲ ಸಂಬಳದಿಂದಲೇ ತೆರಿಗೆ ಹಿಡಿಯುತ್ತಾರೆ, ಮಗುವಿಗೆ ಮಾತ್ರ ಕಾಯಿ ಅನ್ನುತ್ತಾರೆ. ಇದು ಅನ್ಯಾಯ.

ಮಕ್ಕಳೊಂದಿಗೆ ಇಲ್ಲಿಗೆ ಬರುವವರು ದಯವಿಟ್ಟು ರಾಜ್ಯದ ನಿಯಮ ಕೇಳಿಕೊಂಡೇ ಹೊರಡಿ.

– ಅಮೆರಿಕದಿಂದ ಒಬ್ಬ ಓದುಗರು