ಈ ಸಲ ರಜಕ್ಕೆ ಏನೂ ಪ್ಲಾನ್ ಮಾಡ್ಬೇಡ ಪುಟ್ಟಿ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಮೊನ್ನೆ ಕಳಿಸಿದ ಆ ಟೈಂಟೇಬಲ್ ನೋಡ್ದೆ ಕಣೆ, ಕನ್ನಡಕ ಹಾಕ್ಕೊಂಡು ಎರಡು ಸಲ ನೋಡ್ದೆ. ಸೋಮವಾರ ಬುಧವಾರ ಸ್ವಿಮ್ಮಿಂಗು, ಮಂಗಳವಾರ ಗುರುವಾರ ರೋಬೋಟಿಕ್ಸು, ದಿನಾ ಬೆಳಿಗ್ಗೆ ಅಬಾಕಸ್ಸು, ಶನಿವಾರ ಏನೋ ಲೈಫ್ ಸ್ಕಿಲ್ಸ್ ಅಂತೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೇವರೆಗೂ ಮಕ್ಕಳಿಗೆ ಬಿಡುವು ಅಂತ ಸಿಗೋದು ಭಾನುವಾರ ಮಧ್ಯಾಹ್ನ ಒಂದೇ, ಅಲ್ಲೂ ನೀನು ಮಾಲ್ ಅಂತ ಬರ್ದಿಟ್ಟಿದೀಯ. ಹೇಗಿದೆ ದೊಡ್ಡಮ್ಮ ಅಂತ ಬೇರೆ ಕೇಳಿದೀಯ. ಫೋನಲ್ಲಿ ಹೇಳೋಕೆ ಹೋದ್ರೆ ಮೀಟಿಂಗ್ ಇದೆ ಅಂತ ಇಟ್ಬಿಡ್ತೀಯ, ಅದಕ್ಕೇ ಕೂತ್ಕೊಂಡು ಟೈಪ್ ಮಾಡ್ತಾ ಇದೀನಿ, ತಪ್ಪುಗಳಿದ್ರೆ ಹೊಂದಿಸ್ಕೊಂಡು ಓದ್ಕೊ, ಈ ಫೋನು ತಾನೇ ಪದ ತುರುಕುತ್ತೆ.

ಕಲಿಯೋದು ಬೇಡ ಅಂತ ಹೇಳೋಳಲ್ಲ ನಾನು. ಮೂವತ್ತು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದೋಳು. ಆದ್ರೆ ನಾನೇ ಒಂದು ಸಲ ಇದೇ ತಪ್ಪು ಮಾಡಿದೀನಿ, ಅದನ್ನ ಹೇಳ್ತೀನಿ ಕೇಳು. ನಿಮ್ಮಣ್ಣ, ಅಂದ್ರೆ ನನ್ಮಗ, ಒಂಬತ್ತನೇ ಕ್ಲಾಸ್ ಮುಗಿಸಿದ ವರ್ಷ, ಎಸ್ಸೆಸ್ಸೆಲ್ಸಿ ಬಂತಲ್ಲ ಅನ್ನೋ ಗಾಬರಿಗೆ ರಜ ಪೂರ್ತಿ ಟ್ಯೂಷನ್ನಿಗೆ ಹಾಕ್ಬಿಟ್ಟೆ. ಆ ವರ್ಷ ನೀವೆಲ್ಲಾ ಅಜ್ಜಿ ಮನೆಗೆ ಬಂದಿದ್ರಿ, ಅವನೊಬ್ಬ ಬರ್ಲಿಲ್ಲ. ನಿನಗೆ ನೆನಪಿರ್ಬೇಕು, ಸಂಡಿಗೆ ಕಾಯೋಕೆ ಅಂತ ಕೂರಿಸಿದ್ದ ನಿಮ್ಮ ಚಿಕ್ಕ ಮಾವನ ಮಗ ತಾತನ ಕರೀ ಛತ್ರಿ ಕೆಳಗೆ ಗೊರಕೆ ಹೊಡೀತಾ ಮಲ್ಗಿದ್ದ, ಪಕ್ಕದ್ಮನೆ ಕರು ಹಗ್ಗ ಬಿಚ್ಕೊಂಡು ಬಂದು ಅರ್ಧ ಪಂಚೆ ಸಂಡಿಗೆ ನೆಕ್ಕಿ ಹೋಗಿತ್ತು, ಅಜ್ಜಿ ಬಂದು ನೋಡಿ ಬೈಯೋದು ಬಿಟ್ಟು ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದೇ ನಕ್ಕಿದ್ದು. ಇವತ್ತಿಗೂ ಮದುವೆ ಮನೇಲಿ ನೀವು ಆರು ಜನ ಸೇರಿದ್ರೆ ಯಾರಾದ್ರೂ 'ಛತ್ರಿ' ಅಂದ್ರೆ ಸಾಕು, ಬಿದ್ದು ಬಿದ್ದು ನಗ್ತೀರ. ನನ್ಮಗನೂ ನಗ್ತಾನೆ, ಆದ್ರೆ ಅವನು ನಗೋದು ನೀವು ನಕ್ಕಾದ್ಮೇಲೆ. ಅದು ನನಗೆ ಮಾತ್ರ ಗೊತ್ತಾಗುತ್ತೆ. ಮುಂದಿನ ರಜದ ಹೊತ್ತಿಗೆ ಅಜ್ಜಿ ಇರ್ಲಿಲ್ಲ. ಟ್ಯೂಷನ್ನಿಂದ ಅವನಿಗೆ ಎಷ್ಟು ಮಾರ್ಕ್ಸ್ ಜಾಸ್ತಿ ಬಂತು ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ ಅವನಿಗೂ ಗೊತ್ತಿಲ್ಲ.

ಅದಕ್ಕೇ ಹೇಳೋದು, ಎರಡು ಕ್ಲಾಸ್ ಇಟ್ಕೊ ಬೇಕಾದ್ರೆ, ಸ್ವಿಮ್ಮಿಂಗ್ ಅಂತೂ ಇರ್ಲೇಬೇಕು, ಅದ್ಯಾಕೆ ಅಂತ ಆಮೇಲೆ ಹೇಳ್ತೀನಿ. ಉಳಿದಿದ್ದನ್ನ ಹೊಡೆದು ಹಾಕು. ಮೇ ತಿಂಗಳಲ್ಲಿ ಹತ್ತು ದಿನ ಮಕ್ಕಳನ್ನ ಕರ್ಕೊಂಡು ತಿಪಟೂರಿಗೆ ಬಾ. ಮಕ್ಕಳನ್ನ ಬಿಟ್ಟು ಹೋಗೋದಲ್ಲ, ನೀನೂ ಇರ್ಬೇಕು, ನಿಮ್ಮಮ್ಮನ್ನೂ ಕರ್ಕೊಂಡು ಬರ್ಬೇಕು. ನಾವಿಬ್ರೂ ಅಕ್ಕ ತಂಗಿ ಒಂದು ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತು ಎಷ್ಟು ವರ್ಷ ಆಯ್ತು ಗೊತ್ತಾ. ಅವಳ ಮಂಡಿ ನೋವಿಗೆ ರೈಲೇ ವಾಸಿ, ಬಸ್ಸು ಬೇಡ.

ಬಂದು ಏನ್ಮಾಡೋದು ಅಂತ ದೊಡ್ಡೋನು ಕೇಳ್ತಾನೆ, ಗೊತ್ತು ನನಗೆ. ಮೊದಲ ಎರಡು ದಿನ ಬೋರು ಬೋರು ಅಂತ ಮನೆ ಸುತ್ತುತಾನೆ, ವೈಫೈ ಪಾಸ್ವರ್ಡ್ ಕೇಳ್ತಾನೆ. ಸುತ್ತಲಿ ಬಿಡು. ನೀನು ಓಡಿ ಹೋಗಿ ಫೋನ್ ಕೊಟ್ಟು ಸಮಾಧಾನ ಮಾಡ್ಬೇಡ. ಮೂರನೇ ದಿನಕ್ಕೆ ತಾನೇ ಹಿತ್ತಲಿಗೆ ಹೋಗಿ ಏನಾದ್ರೂ ಕೆದಕ್ತಾನೆ, ಮೂವತ್ತು ವರ್ಷ ಮಕ್ಕಳನ್ನ ನೋಡಿರೋ ಅನುಭವದಿಂದ ಹೇಳ್ತಾ ಇದೀನಿ.

ಮೊದಲ್ನೇ ಕೆಲಸ ಸಂಡಿಗೆ. ನೀನು ಅಂಗಡೀಲಿ ಪ್ಯಾಕೆಟ್ ಸಿಗುತ್ತಲ್ಲ ದೊಡ್ಡಮ್ಮ ಅಂತೀಯ, ಸಿಗುತ್ತೆ ನಿಜ, ಸಂಡಿಗೆ ಬೇಕು ಅಂತ ಯಾರು ಮಾಡ್ತಾರೆ. ರಾತ್ರಿ ಸಬ್ಬಕ್ಕಿ ನೆನೆ ಹಾಕಿ, ಬೆಳಿಗ್ಗೆ ಐದಕ್ಕೆಲ್ಲಾ ಎದ್ದು ದೊಡ್ಡ ಪಾತ್ರೇಲಿ ಕೈ ಬಿಡದೆ ತಿರುವ್ತಾ ಬೇಯಿಸ್ಬೇಕು, ಕಾಳಿನ ನಡುವೆ ಇರೋ ಬಿಳೀ ಚುಕ್ಕೆ ಹೋಗಿ ಗಾಜಿನ ಥರ ಆಗೋವರೆಗೂ. ಹಸಿಮೆಣಸಿನಕಾಯಿ ಜೀರಿಗೆ ರುಬ್ಬಿ ಹಾಕಿ, ಚೂರು ಇಂಗು, ಆರಿದ್ಮೇಲೆ ನಿಂಬೆಹಣ್ಣು. ಉಪ್ಪು ಮಾತ್ರ ಕಮ್ಮಿ ಅನ್ನಿಸೋ ಹಾಗೇ ಹಾಕ್ಬೇಕು, ಯಾಕಂದ್ರೆ ನೀರು ಹೋಗಿ ಉಪ್ಪು ಅಲ್ಲೇ ಉಳಿಯುತ್ತೆ, ಒಣಗಿದ್ಮೇಲೆ ಕಹಿ ಬರೋಷ್ಟು ಉಪ್ಪಾಗುತ್ತೆ. (ಇದನ್ನ ಮಕ್ಕಳಿಗೆ ಹೇಳು, ಆವಿಯಾಗೋದರ ಪಾಠ ಅಲ್ಲೇ ಮುಗೀತು.) ಬಿಸಿಲೇರೋ ಮೊದಲು ತಾರಸಿ ಮೇಲೆ ಹಳೇ ಬಿಳಿ ಪಂಚೆ ಒದ್ದೆ ಮಾಡಿ ಹಾಸಿ ಸ್ಪೂನಲ್ಲಿ ಇಡ್ತಾ ಹೋಗೋದು. ಚಿಕ್ಕೋಳು ಇಟ್ಟಿದ್ದು ಒಂದು ರೊಟ್ಟಿಯಷ್ಟು ಇನ್ನೊಂದು ಬಟನ್ನಷ್ಟು ಇರುತ್ತೆ, ಸರಿ ಮಾಡೋಕೆ ಹೋಗ್ಬೇಡ, ಕರಿದಾಗ ಇದು ನಾನಿಟ್ಟಿದ್ದು ಅಂತ ಅವಳೇ ಹುಡುಕಿ ತಿಂತಾಳೆ. ಸಾಯಂಕಾಲಕ್ಕೆ ಮೇಲೆ ಗರಿಗರಿ ಒಳಗೆ ಅಂಟಂಟು ಇರುತ್ತಲ್ಲ, ಆ ಅರೆಬರೆ ಒಣಗಿದ ಸಂಡಿಗೆ ಕದ್ದು ತಿನ್ನೋದಿದೆಯಲ್ಲ ಪುಟ್ಟಿ, ಅದು ಯಾವ ಪ್ಯಾಕೆಟ್ಟಲ್ಲಿ ಬರುತ್ತೆ ಹೇಳು. ಎರಡು ಮೂರು ದಿನ ಒಣಗಿದ್ಮೇಲೆ ಪಂಚೆ ಮಗುಚಿ ಹಿಂದಿನಿಂದ ನೀರು ಚಿಮುಕಿಸಿದ್ರೆ ತಾನೇ ಬಿಟ್ಕೊಳುತ್ತೆ. ಕಾಗೆ ಕಾಯೋ ಡ್ಯೂಟಿ ಮಕ್ಕಳದ್ದು, ಆದ್ರೆ ಹನ್ನೆರಡರಿಂದ ಮೂರರವರೆಗೆ ಯಾರನ್ನೂ ಮೇಲೆ ಬಿಡೋದಿಲ್ಲ ನಾನು, ಈಗಿನ ಬಿಸಿಲು ಆಗಿನ ಥರ ಇಲ್ಲ. ಆ ಹೊತ್ತಿನಲ್ಲಿ ಕಾಗೆಗೇ ಬಿಡೋದು, ಅದೆಷ್ಟು ತಿನ್ನುತ್ತೆ ಪಾಪ.

ಆ ಮೂರು ಗಂಟೆ ಹೊತ್ತಿಗೆ ಚೌಕಾಬಾರ. ರಿಟೈರ್ ಆದ ದಿನ ಸ್ಟಾಫ್ ರೂಮಿಂದ ಒಂದು ಡಬ್ಬಿ ಸೀಮೆಸುಣ್ಣ ತಂದಿದ್ದೆ (ಕೇಳೇ ತಂದಿದ್ದು), ಅದು ಇನ್ನೂ ಇದೆ. ರೆಡ್ ಆಕ್ಸೈಡ್ ನೆಲದ ಮೇಲೆ ಐದೈದು ಇಪ್ಪತ್ತೈದು ಮನೆ ಬರ್ದು, ನಾಲ್ಕೂ ಬದಿ ನಡುವೆ ಒಂದೊಂದು, ಮಧ್ಯ ಒಂದು ಕಟ್ಟೆ ಮನೆಗೆ ಅಡ್ಡಗೀಟು ಹಾಕೋದು. ನಾಲ್ಕು ಕವಡೆ ನಾಲ್ಕೂ ಬಾಯಿ ಮೇಲಾಗಿ ಬಿದ್ರೆ ಚೌಕ, ನಾಲ್ಕೂ ಮಗುಚಿ ಬಿದ್ರೆ ಬಾರ, ಅಂದ್ರೆ ಎಂಟು, ಎರಡಕ್ಕೂ ಮತ್ತೊಂದು ಆಟ ಸಿಗುತ್ತೆ. ಕವಡೆ ಇಲ್ದಿದ್ರೆ ಹುಣಸೆ ಬೀಜ ಒಂದು ಕಡೆ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡ್ಕೊಂಡ್ರೂ ಆಗುತ್ತೆ. ನಮ್ಮನೆ ಲೆಕ್ಕದಲ್ಲಿ ಒಂದು ಕಾಯಾದ್ರೂ ಕಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ನಿಮ್ಮಮ್ಮ ಇದರಲ್ಲಿ ಮೋಸ ಮಾಡ್ತಾಳೆ, ಚಿಕ್ಕ ವಯಸ್ಸಿಂದ್ಲೂ ಮಾಡ್ತಾಳೆ, ಕವಡೆ ಎಸೆಯೋ ಬದಲು ಮೆತ್ತಗೆ ಇಡ್ತಾಳೆ. ಅವಳ ಮೊಮ್ಮಕ್ಕಳು ಅದನ್ನ ಕಂಡುಹಿಡಿದು ಅಜ್ಜಿ ಜೊತೆ ಜಗಳ ಆಡೋದನ್ನ ನಾನು ನೋಡ್ಬೇಕು. ಅಳಗುಳಿಮಣೆನೂ ಅಟ್ಟದ ಮೇಲಿದೆ, ಇಳಿಸಿ ಒರೆಸಿಡ್ತೀನಿ, ಹದಿನಾಲ್ಕು ಗುಳಿನೂ ನೆಟ್ಟಗಿದೆ. ಅದರ ಜೊತೆಗಿದ್ದ ಗುಲಗಂಜಿ ಮಾತ್ರ ತೆಗೆದು ಬೇರೆ ಇಟ್ಟಿದೀನಿ, ನೋಡೋಕೆ ಚೆಂದ ಆದ್ರೆ ಆ ಬೀಜ ಅಗಿದು ನುಂಗಿದ್ರೆ ಘೋರ ವಿಷ, ಚಿಕ್ಕೋಳು ಸಿಕ್ಕಿದ್ದೆಲ್ಲಾ ಬಾಯಿಗಿಡೋ ವಯಸ್ಸು. ಹುಣಸೆ ಬೀಜವೇ ಸಾಕು.

ಏಪ್ರಿಲ್ 24 ಇಲ್ಲ 25ಕ್ಕೆ ನೀವು ಬೆಂಗಳೂರಲ್ಲೇ ಇರ್ತೀರಲ್ಲ, ಅವತ್ತು ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನಿಮ್ಮ ಅಪಾರ್ಟ್‌ಮೆಂಟ್ ಟೆರೇಸಿಗೆ ಎಲ್ಲರೂ ಹೋಗಿ. ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆಟ್ಟಗೆ ನಿಲ್ಲಿಸಿದ ಬಾಟಲಿಗೋ ಡಬ್ಬಿಗೋ ಪಕ್ಕದಲ್ಲಿ ನೆರಳೇ ಬೀಳಲ್ಲ. ಶೂನ್ಯ ನೆರಳಿನ ದಿನ ಅಂತಾರೆ, ಮತ್ತೆ ಆಗಸ್ಟಲ್ಲಿ ಒಂದು ಸಲ ಬರುತ್ತೆ ಆದ್ರೆ ಆಗ ಮೋಡ ಇರುತ್ತೆ. ಡೆಲ್ಲಿಯೋರಿಗೆ ಈ ಭಾಗ್ಯ ಇಲ್ವೇ ಇಲ್ಲ, ಅವರೂರು ಕರ್ಕಾಟಕ ವೃತ್ತದಿಂದ ಆಚೆ ಇದೆ. ಖರ್ಚು ಸೊನ್ನೆ. ನಿಮ್ಮ ಬಿಲ್ಡಿಂಗಿನ ಬೇರೆ ಮನೆ ಮಕ್ಕಳನ್ನೂ ಕರಿ, ಬಿಸಿಲಿಗೆ ಬಂದೋರಿಗೆ ಒಂದು ಲೋಟ ಬೆಲ್ಲದ ಪಾನಕ ಕೊಡು, ನಿಂಬೆಹಣ್ಣು ಶುಂಠಿ ಏಲಕ್ಕಿ ಹಾಕಿದ್ದು. ಅದೇ ಮಹಡೀಲಿ ಏಳು ವರ್ಷದಿಂದ ಇದೀಯ, ಎದುರು ಮನೆಯೋಳ ಹೆಸರು ಗೊತ್ತಿಲ್ಲ ಅಂದ್ಯಲ್ಲ ಹೋದ ಸಲ, ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಕಣೆ. ಸ್ನೇಹ ಅಂದ್ರೆ ಹೋಟೆಲ್ ಬುಕ್ ಮಾಡಿ ಸೇರೋದೇ ಆಗ್ಬೇಕಾಗಿಲ್ಲ. ನೀರುಮಜ್ಜಿಗೆ ಮಾಡಿದೀನಿ ಬನ್ನಿ ಅಂತ ಬಾಗಿಲು ತಟ್ಟಿದ್ರೆ ಯಾರೂ ಬೇಡ ಅನ್ನಲ್ಲ, ನಾಚ್ಕೊಬೇಡ.

ಅಳಿಯಂದ್ರಿಗೆ ಹೇಳು, ಅವರು ಬರೋ ದಿನ ಮಾವಿನಹಣ್ಣಿನ ಜವಾಬ್ದಾರಿ ಅವರದ್ದು. ರಸಪುರಿ ಮೇ ಹೊತ್ತಿಗೆ ಬಂದಿರುತ್ತೆ. ಬಾದಾಮಿಗೆ ಸುಮ್ನೆ ದುಡ್ಡು ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ, ಕೊಯ್ದು ಪ್ಲೇಟಲ್ಲಿ ಇಟ್ಕೊಂಡು ತಿನ್ನೋರಿಗೆ ಅದು, ರಸಪುರಿ ಆದ್ರೆ ಕೈಯಲ್ಲಿ ಹಿಚುಕಿ ತೊಟ್ಟಿನ ಕಡೆಯಿಂದ ಚೀಪ್ಬೇಕು, ಮೊಣಕೈವರೆಗೂ ಇಳೀಬೇಕು. ಕಾಯಿ ತಂದ್ರೆ ಇನ್ನೂ ವಾಸಿ, ಹುಲ್ಲಲ್ಲಿ ಮುಚ್ಚಿಡ್ತೀನಿ, ದಿನಾ ಬೆಳಿಗ್ಗೆ ಯಾವ್ದು ಹಣ್ಣಾಗಿದೆ ಅಂತ ಮೂಸಿ ನೋಡೋ ಕೆಲಸ ಚಿಕ್ಕೋಳಿಗೆ. ತಿನ್ನೋ ಮೊದಲು ಒಂದು ಗಂಟೆ ಬಕೆಟ್ ನೀರಲ್ಲಿ ಹಾಕಿರ್ಲಿ. ಮಕ್ಕಳಿಗೆ ಹಳೇ ಬಟ್ಟೆ ತಾ, ಮಾವಿನ ಕಲೆ ಹೋಗಲ್ಲ.

ಈಗ ನೀರಿನ ವಿಷಯ. ಇದೊಂದರಲ್ಲಿ ಮಾತ್ರ ನಾನು ಹಳೇ ಕಾಲ ಚೆನ್ನಾಗಿತ್ತು ಅಂತ ಹೇಳಲ್ಲ. ನಿಮ್ಮಮ್ಮ ನಾನು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಕೊಂಡು ತೋಟದ ಬಾವೀಲಿ ಈಜು ಕಲ್ತಿದ್ದು ನಿಜ, ಆದ್ರೆ ಮೇಲೆ ನಿಮ್ಮ ತಾತ ಹಗ್ಗ ಹಿಡ್ಕೊಂಡು ನಿಂತಿರ್ತಿದ್ರು. ಈಗ ಆ ಬಾವಿ ಒಣಗಿ ಅದರಲ್ಲಿ ಕೊಬ್ಬರಿ ಮಟ್ಟೆ ತುಂಬಿದಾರೆ. ಅದರ ಬದಲು ಎಲ್ಲಾ ಹೊಲದಲ್ಲೂ ಕೃಷಿ ಹೊಂಡ ಆಗಿದೆ, ನೋಡೋಕೆ ಸ್ವಿಮ್ಮಿಂಗ್ ಪೂಲ್ ಥರ ನೀಲಿಯಾಗಿ ಕಾಣುತ್ತೆ, ಒಳಗೆ ಪ್ಲಾಸ್ಟಿಕ್ ಹಾಸಿರ್ತಾರೆ, ಪಾಚಿ ಕಟ್ಟಿ ಜಾರುತ್ತೆ, ಇಳಿಜಾರು ಬೇರೆ, ಈಜು ಬರೋ ದೊಡ್ಡೋರೇ ಮೇಲೆ ಹತ್ತೋಕಾಗ್ದೆ ಒದ್ದಾಡ್ತಾರೆ. ಪ್ರತಿ ಬೇಸಿಗೇಲೂ ಪೇಪರಲ್ಲಿ ಓದ್ತೀವಲ್ಲ, ರಜಕ್ಕೆ ಬಂದ ಮಕ್ಕಳು ಅಂತ. ಸ್ವಿಮ್ಮಿಂಗ್ ಕ್ಲಾಸ್ ಬಿಡಿಸ್ಬೇಡ ಅಂದಿದ್ದು ಇದಕ್ಕೇ, ಕಲ್ತಿದ್ರೂ ಹೊಂಡದ ಹತ್ರ ಮಾತ್ರ ಬಿಡಲ್ಲ. ನೀರಾಟ ಬೇಕು ಅಂದ್ರೆ ಸಂಜೆ ತೆಂಗಿನ ಗಿಡಗಳಿಗೆ ಪೈಪಲ್ಲಿ ನೀರು ಬಿಡ್ತೀನಲ್ಲ, ಅಲ್ಲಿ ನೆನೀಲಿ, ಕೆಸರು ಮಾಡ್ಕೊಳ್ಳಲಿ.

ರಾತ್ರಿ ಎಲ್ಲರಿಗೂ ತಾರಸಿ ಮೇಲೆ ಹಾಸಿಗೆ. ಸೊಳ್ಳೆ ಪರದೆ ಇದೆ, ಮುಖ ಸಿಂಡರಿಸ್ಬೇಡ. ಒಂಬತ್ತು ಗಂಟೆ ಹೊತ್ತಿಗೆ ಉತ್ತರದ ಕಡೆ ಸಪ್ತರ್ಷಿ ಮಂಡಲ ಮೇಲೆ ಬಂದಿರುತ್ತೆ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಪಕ್ಕದಲ್ಲಿ ಮಿಣುಕ್ ಅನ್ನೋ ಚಿಕ್ಕದು ಅರುಂಧತಿ, ನಿನ್ನ ಮದುವೇಲಿ ಪುರೋಹಿತ್ರು ಹಗಲು ಹನ್ನೊಂದು ಗಂಟೇಲಿ ತೋರ್ಸಿದ್ರಲ್ಲ, ನೀನೂ ಕಾಣ್ತು ಅಂತ ತಲೆ ಆಡಿಸಿದ್ದೆ, ಅದು. ಈ ಸಲ ನಿಜವಾಗ್ಲೂ ನೋಡು. ಬಾಲದ ಬಾಗು ಹಿಡ್ಕೊಂಡು ಹಾಗೇ ಮುಂದೆ ಹೋದ್ರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದ್ರೆ ಬೆಳ್ಳಗಿರೋ ಚಿತ್ತಾ. ದೊಡ್ಡೋನಿಗೆ ಇನ್ನೊಂದು ವಿಷಯ ಹೇಳ್ತೀನಿ, ನಮ್ಮ ಮಳೆಗಳಿಗೆ ಭರಣಿ ಕೃತ್ತಿಕೆ ರೋಹಿಣಿ ಅಂತ ಹೆಸರು ಬಂದಿದ್ದೇ ಸೂರ್ಯ ಯಾವ ನಕ್ಷತ್ರದಲ್ಲಿದಾನೆ ಅನ್ನೋದರ ಮೇಲೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ, ಏಪ್ರಿಲ್ ಕೊನೇಲಿ ಭರಣಿ ಹುಟ್ಟುತ್ತೆ, ಮೇ 11ರ ಸುಮಾರಿಗೆ ಕೃತ್ತಿಕೆ. ಮಲಗಿದ್ದಾಗ ಅರ್ಧರಾತ್ರೀಲಿ ಮಳೆ ಬಂದು ಹಾಸಿಗೆ ಸುತ್ಕೊಂಡು ಓಡೋ ಪ್ರಸಂಗ ಬಂದೇ ಬರುತ್ತೆ, ಬರ್ಲಿ ಅಂತ್ಲೇ ನಾನು ಕಾಯ್ತಿರೋದು. ಓಡೋವಾಗ ದಿಂಬು ಬಿಡೋನು ಯಾರು ಅಂತ ಈಗ್ಲೇ ಗೊತ್ತಿದೆ.

ಇನ್ನೊಂದು ಮಾತು, ಬೇಜಾರ್ ಮಾಡ್ಕೊಬೇಡ. ಫೋಟೋ ತೆಗಿ, ನಿಮ್ಮಣ್ಣನಿಗೆ ಕಳಿಸ್ಬೇಕಲ್ಲ, ಆದ್ರೆ ಮಗು ಸಂಡಿಗೆ ಬಾಯಿಗಿಡೋ ಹೊತ್ತಲ್ಲಿ ಇರು ಇರು ಈ ಕಡೆ ನೋಡು ಅಂತ ಮೂರು ಸಲ ಇಡಿಸ್ಬೇಡ. ಹೋದ ಸಲ ಒಬ್ಬಟ್ಟು ತಣ್ಣಗಾಗಿದ್ದು ಹಾಗೇ. ಮತ್ತೆ ಆಫೀಸ್ ಲ್ಯಾಪ್‌ಟಾಪು ತರ್ಲೇಬೇಕು ಅಂದ್ರೆ ತಾ, ಬೆಳಿಗ್ಗೆ ಸಂಡಿಗೆ ಇಟ್ಟಾದ್ಮೇಲೆ ಎರಡು ಗಂಟೆ ಕೋಣೇಲಿ ಕೂತ್ಕೊ, ನಾನೇ ಕಾಫಿ ತಂದುಕೊಡ್ತೀನಿ. ಆಮೇಲೆ ಮುಚ್ಚಿಡ್ಬೇಕು.

ನನ್ಮಗನಿಗೂ ಹೇಳಿದೀನಿ, ಮೇ ಎರಡನೇ ವಾರ ರಜ ಹಾಕು ಅಂತ. ನೋಡ್ತೀನಮ್ಮ ಅಂದಿದಾನೆ. ನೀನೂ ಒಂದು ಫೋನ್ ಮಾಡಿ ಹೇಳು, ನನ್ನ ಮಾತಿಗಿಂತ ನಿನ್ನ ಮಾತು ಕೇಳ್ತಾನೆ. ಅವನು ಬಂದ್ರೆ ಸಂಡಿಗೆ ಕಾಯೋಕೆ ಅವನನ್ನೇ ಕೂರಿಸ್ತೀನಿ. ತಾತನ ಛತ್ರಿ ಇನ್ನೂ ಇದೆ, ಎರಡು ಕಡ್ಡಿ ಮುರಿದಿತ್ತು, ಮೊನ್ನೆ ಸಂತೇಲಿ ರಿಪೇರಿ ಮಾಡಿಸ್ಕೊಂಡು ಬಂದೆ.

ಸಬ್ಬಕ್ಕಿ ನಾನು ತಂದಿಡ್ತೀನಿ. ಹಳೇ ಬಿಳಿ ಪಂಚೆ ಮಾತ್ರ ನನ್ಹತ್ರ ಒಂದೇ ಇರೋದು, ಅಳಿಯಂದ್ರದ್ದು ಇದ್ರೆ ಎರಡು ತಗೊಂಡು ಬಾ.

ಇಂತಿ ನಿನ್ನ
ದೊಡ್ಡಮ್ಮ