ಅಪರಾಧಶಾಸ್ತ್ರ ಓದಲು ಹೊರಟ ಗೆಳೆಯನಿಗೆ

ಕಾರವಾರ

ಪ್ರೀತಿಯ ಗಣಪತಿ,

ಶಿರಸಿಯ ನೌಕರಿ ಬಿಡದೆ ದೂರಶಿಕ್ಷಣದಲ್ಲಿ ಅಪರಾಧಶಾಸ್ತ್ರ ಓದುವ ಯೋಚನೆ ಇದೆ ಎಂದು ಬರೆದಿದ್ದೀಯಲ್ಲ, ಖಂಡಿತ ಓದು. ಮನೆಯಲ್ಲಿ ಕೂತೇ ಚೆನ್ನಾಗಿ ಕಲಿಯಬಹುದಾದ ವಿಷಯ ಅದು. ಆದರೆ ದುಡ್ಡು ಕಟ್ಟುವ ಮೊದಲು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡಿಇಬಿ) ಪಟ್ಟಿ ತೆಗೆದು ನೋಡು. ವಿಶ್ವವಿದ್ಯಾಲಯದ ಹೆಸರು ಅದರಲ್ಲಿ ಇದ್ದರೆ ಸಾಲದು, ನೀನು ಸೇರುವ ವರ್ಷಕ್ಕೆ ಅದೇ ಕೋರ್ಸಿಗೆ ಮಾನ್ಯತೆ ಇರಬೇಕು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದ ಕ್ರಿಮಿನಲ್ ಜಸ್ಟಿಸ್ ಸ್ನಾತಕೋತ್ತರ ಡಿಪ್ಲೊಮಾದಿಂದ ಹುಡುಕಾಟ ಶುರು ಮಾಡಬಹುದು. ಪ್ರವೇಶಕ್ಕೆ ಈಗ ಎಬಿಸಿ ಐಡಿ (ನಿನ್ನ ಕ್ರೆಡಿಟ್‌ಗಳ ಖಾತೆಯ ಸಂಖ್ಯೆ), ಡಿಇಬಿ ಐಡಿ (ಆ ಬ್ಯೂರೋದ ನೋಂದಣಿ ಸಂಖ್ಯೆ) ಎರಡೂ ಬೇಕು. ನಮ್ಮ ಕಡೆ ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಪೂರ್ತಿ ಹೆಸರು, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್ ಇರುವುದು ಮಾಮೂಲು. ಹೆಸರು ತಾಳೆಯಾಗದೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಮೊದಲೇ ಸರಿಮಾಡಿಸು.

ಇದು ವಕೀಲಿಕೆಗೆ ದಾರಿಯಲ್ಲ. ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಬಾರ್ ಕೌನ್ಸಿಲ್ ಒಪ್ಪುವುದಿಲ್ಲ, ಯಾರಾದರೂ ಕೊಡಿಸುತ್ತೇನೆ ಎಂದರೆ ನಂಬಬೇಡ. ಫೊರೆನ್ಸಿಕ್ ಲ್ಯಾಬಿನ ಕೆಲಸವೂ ಅಂಚೆಯಲ್ಲಿ ಕಲಿಯುವಂಥದ್ದಲ್ಲ. ಆ ಕಡೆ ಮನಸ್ಸಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗದಲ್ಲಿ ವಿಚಾರಿಸು.

ಇನ್ನು ಸಮಯದ ಲೆಕ್ಕ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 4 ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ ಆಯಿತು. ವಾರಕ್ಕೆ 6 ಗಂಟೆ ಹೊಂದಿಸಿದರೆ ಒಂದು ಪತ್ರಿಕೆಗೇ 20 ವಾರ! ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಎಂದರೆ ಘಟ್ಟದಲ್ಲಿ ಜಡಿಮಳೆ, ಡಿಸೆಂಬರ್ ಎಂದರೆ ನಿಮ್ಮಲ್ಲಿ ಅಡಿಕೆ ಕೊಯ್ಲು. ಹಾಗಾಗಿ ಎಲ್ಲ ಪತ್ರಿಕೆಗಳನ್ನೂ ಒಂದೇ ಸಲ ಹೊತ್ತುಕೊಳ್ಳದೆ ಎರಡು ಸಲಕ್ಕೆ ಹಂಚು. ಜೂನ್‌ನಲ್ಲಿ ಬರೆಯುವುದಾದರೆ ಪರೀಕ್ಷಾ ಕೇಂದ್ರದ ಊರಿಗೆ ಹಿಂದಿನ ದಿನವೇ ಹೋಗಿ ಉಳಿ. ಕುಮಟಾ ದಾರಿಯ ದೇವಿಮನೆ ಘಟ್ಟ ಬೆಳಿಗ್ಗೆ ತೆರೆದಿರುತ್ತದೆ ಎಂದು ನೆಚ್ಚಿಕೊಂಡು ಹೊರಡಬೇಡ.

ಫೇಲಾಗುವವರಲ್ಲಿ ಬಹಳ ಜನ ಓದು ಸಾಲದೆ ಫೇಲಾಗುವುದಲ್ಲ, ಕಾಗದಪತ್ರದಲ್ಲಿ ಎಡವುತ್ತಾರೆ. ಪ್ರವೇಶ ಸಿಕ್ಕರೆ ಮುಗಿಯಿತು ಎಂದುಕೊಂಡು ಪರೀಕ್ಷೆಯ ಫಾರ್ಮ್ ತುಂಬುವುದನ್ನೇ ಮರೆಯುತ್ತಾರೆ. ಅದನ್ನು ಪ್ರತಿ ಸಲ ಬೇರೆಯಾಗಿ ತುಂಬಬೇಕು. ಅಸೈನ್‌ಮೆಂಟ್‌ಗೆ ಸಾಮಾನ್ಯವಾಗಿ ಶೇ 30 ಅಂಕ. ಕೈಬರಹದಲ್ಲೇ ಬರೆಯಬೇಕು, ಪ್ರಶ್ನೆಗಳು ನಿನ್ನ ಅವಧಿಯವೇ ಆಗಿರಬೇಕು. ಹಳೇ ಪ್ರಶ್ನೆಗೆ ಎಷ್ಟು ಚೆನ್ನಾಗಿ ಉತ್ತರಿಸಿದರೂ ವ್ಯರ್ಥ. ಕೊಡುವ ಮೊದಲು ಜೆರಾಕ್ಸ್ ಮಾಡಿಟ್ಟುಕೊ, ಕೊಟ್ಟದ್ದಕ್ಕೆ ರಸೀದಿ ಪಡೆ.

ಓದಿನಲ್ಲಿ ಮೊದಲ ತೊಡಕು ಕಾನೂನು ಬದಲಾಗಿರುವುದು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 511 ಕಲಂ ಇದ್ದದ್ದು 358 ಆಗಿದೆ. ಕೈಗೆ ಸಿಗುವ ಹಳೇ ನೋಟ್ಸಿನಲ್ಲೆಲ್ಲ ಕೊಲೆಗೆ 302 ಎಂದೇ ಇರುತ್ತದೆ. ಈಗ ಕೊಲೆಯ ಶಿಕ್ಷೆ 103ರಲ್ಲಿದೆ, ಹೊಸ 302 ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿನ ಕುರಿತದ್ದು. ವಂಚನೆಯ 420 ಈಗ 318(4), ಮನೆಯೊಳಗಿನ ಕಳವಿನ 380 ಈಗ 305. ಎಫ್‌ಐಆರ್‌ನ ಕಲಂ ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 154 ಇತ್ತು, ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 173. ಆ ದಿನಾಂಕಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಆದ್ದರಿಂದ ಹಳತನ್ನು ಮರೆಯುವಂತೆಯೂ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹಳೇ ಕಲಂ, ಬಲಕ್ಕೆ ಹೊಸದು ಬರೆದಿಡು.

ನನಗೆ ಬಹಳ ಮುಖ್ಯ ಅನ್ನಿಸುವುದು ಅಂಕಿಅಂಶ ಓದುವ ಕಲೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿಯ ವರದಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಅಪರಾಧದ ದರ ಎಂದರೆ ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂಬುದು. ಗೋಕರ್ಣಕ್ಕೆ ಈ ಲೆಕ್ಕ ಹಾಕಿ ನೋಡು. ಪ್ರವಾಸಿಗರ ಮೊಬೈಲ್ ಕಳುವಾದರೆ ಪ್ರಕರಣ ಅಲ್ಲಿಯ ಠಾಣೆಯಲ್ಲಿ ದಾಖಲಾಗುತ್ತದೆ. ಆದರೆ ಭಾಗಿಸುವ ಜನಸಂಖ್ಯೆಯಲ್ಲಿ ಪ್ರವಾಸಿಗರು ಇರುವುದಿಲ್ಲ. ಊರಿನವರು ಏನೂ ಮಾಡದಿದ್ದರೂ ದರ ಏರುತ್ತದೆ. ಇನ್ನೊಂದು, ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದದ್ದನ್ನು ಮಾತ್ರ ಎಣಿಸುತ್ತಾರೆ. ಅತ್ಯಾಚಾರ ಮಾಡಿ ಕೊಂದಿದ್ದರೆ ಅದು ಅತ್ಯಾಚಾರದ ಲೆಕ್ಕಕ್ಕೆ ಸೇರುವುದಿಲ್ಲ. ಠಾಣೆಗೇ ಬಾರದ ಅಪರಾಧಗಳಂತೂ ಯಾವ ಕೋಷ್ಟಕದಲ್ಲೂ ಇಲ್ಲ. ‘ಈ ಜಿಲ್ಲೆಯಲ್ಲಿ ಅಪರಾಧ ಹೆಚ್ಚಿದೆ’ ಎಂದು ಬರೆಯುವ ಮುನ್ನ ದೂರು ಕೊಡುವುದು ಹೆಚ್ಚಿದೆಯೋ ಅಪರಾಧವೇ ಹೆಚ್ಚಿದೆಯೋ ಎಂದು ಕೇಳಿಕೊಳ್ಳಬೇಕು.

ಸಿದ್ಧಾಂತಗಳನ್ನು ಬಾಯಿಪಾಠ ಮಾಡಬೇಡ, ನಿನ್ನ ಸುತ್ತಲಿನ ಅಪರಾಧಕ್ಕೆ ಹಚ್ಚಿ ನೋಡು. ಅಡಿಕೆ ಕಳ್ಳತನವನ್ನೇ ತಗೋ. ಅಪರಾಧಕ್ಕೆ ಮನಸ್ಸು ಮಾಡಿದವನು, ಕೈಗೆಟಕುವ ಸರಕು, ಕಾಯುವವರು ಇಲ್ಲದಿರುವುದು, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದಾಗ ಅಪರಾಧ ಆಗುತ್ತದೆ ಎಂದು 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ ಹೇಳಿದರು. ಸುಲಿದ ಚಾಲಿಯ (ಒಣಗಿಸಿದ ಹಣ್ಣಡಿಕೆಯ) ಚೀಲ ಹೊರುವಷ್ಟೇ ಭಾರ, ಬೆಲೆ ಜಾಸ್ತಿ, ಯಾರ ತೋಟದ್ದು ಎಂಬ ಗುರುತಿಲ್ಲ. ಮಾರಿಕಾಂಬಾ ಜಾತ್ರೆಯ ರಾತ್ರಿ ಮನೆಮಂದಿಯೆಲ್ಲ ಪೇಟೆಗೆ ಹೋದರೆ ಮೂರನೆಯದೂ ಕೂಡಿಬಂತು. ಆದರೆ ಅವನಿಗೆ ಕದಿಯುವ ಮನಸ್ಸು ಏಕೆ ಬಂತು ಎಂಬುದಕ್ಕೆ ಈ ಸಿದ್ಧಾಂತದಲ್ಲಿ ಉತ್ತರವಿಲ್ಲ. ಅಲ್ಲಿಗೆ ಸಮಾಜಶಾಸ್ತ್ರಜ್ಞ ಮರ್ಟನ್ 1938ರಲ್ಲಿ ಹೇಳಿದ್ದು ಬೇಕು: ದುಡ್ಡು ಮಾಡು ಎಂದು ಸಮಾಜ ಎಲ್ಲರಿಗೂ ಹೇಳುತ್ತದೆ, ನೇರ ದಾರಿ ಎಲ್ಲರಿಗೂ ಕೊಡುವುದಿಲ್ಲ ಎಂಬ ಅವರ ವಾದ. ಒಂದು ಸಿದ್ಧಾಂತ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದ ಉತ್ತರಕ್ಕೆ ತೂಕ ಬರುತ್ತದೆ.

ದೂರಶಿಕ್ಷಣದಲ್ಲಿ ಕ್ಷೇತ್ರಕಾರ್ಯ ನಿನ್ನದೇ ಹೊಣೆ. 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿಗೆ ಹಾಕಬೇಕು. ನಿಮ್ಮ ತಾಲ್ಲೂಕಿನ ಹತ್ತಾರು ಓದು. ಘಟನೆ ನಡೆದ ಹೊತ್ತಿಗೂ ದೂರು ಬಂದ ಹೊತ್ತಿಗೂ ಎಷ್ಟು ಅಂತರವಿದೆ, ವಿಳಂಬಕ್ಕೆ ಏನು ಕಾರಣ ಕೊಟ್ಟಿದ್ದಾರೆ ಎಂದು ಗಮನಿಸು. ನಿನ್ನ ಬರಹದಲ್ಲಿ ಮಾತ್ರ ಯಾರ ಹೆಸರನ್ನೂ ಹಾಕಬೇಡ. ತನಿಖೆ ಮುಗಿಸಿ ಪೊಲೀಸರು ಕೊಡುವ ‘ಬಿ’ ರಿಪೋರ್ಟ್ ಮತ್ತು ‘ಸಿ’ ರಿಪೋರ್ಟಿನ ವ್ಯತ್ಯಾಸವೂ ತಿಳಿದಿರಲಿ: ಮೊದಲನೆಯದು ದೂರು ಸುಳ್ಳು ಅಥವಾ ಅಪರಾಧವೇ ಆಗಿಲ್ಲ ಎಂದು, ಎರಡನೆಯದು ಪತ್ತೆಯಾಗಲಿಲ್ಲ ಎಂದು.

ರಜೆ ಸಿಕ್ಕಾಗ ಒಂದು ದಿನ ಕಾರವಾರಕ್ಕೆ ಬಾ, ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಕೂರೋಣ. ಗೌಪ್ಯ ವಿಚಾರಣೆ ಬಿಟ್ಟರೆ ಉಳಿದದ್ದನ್ನು ಯಾರು ಬೇಕಾದರೂ ನೋಡಬಹುದು. ಪಂಚನಾಮೆಗೆ ಸಹಿ ಹಾಕಿದವನು ಪಾಟೀ ಸವಾಲಿನಲ್ಲಿ ಉಲ್ಟಾ ಹೊಡೆದರೆ ಕೇಸು ಹೇಗೆ ಸಡಿಲವಾಗುತ್ತದೆ ಎಂಬುದು ಅಲ್ಲಿ ಕೂತರೆ ಅರ್ಥವಾಗುತ್ತದೆ. ಬರುವಾಗ ಪ್ರಾಸ್ಪೆಕ್ಟಸ್ ತಾ, ಯಾವ ಪತ್ರಿಕೆ ಮೊದಲು ಬರೆಯಬೇಕು ಎಂದು ಗುರುತು ಹಾಕೋಣ.

ನಿನ್ನ ಗೆಳೆಯ