ರೋಬೊಟಿಕ್ಸ್ ಓದಿಗೆ ಕಾರ್ಖಾನೆಯ ತರಬೇತಿ ಬೇಕು

ಮಾನ್ಯ ಸಂಪಾದಕರೆ,

ನಾನು ರೋಬೊಟಿಕ್ಸ್‌ನಲ್ಲಿ ಎಂ.ಟೆಕ್ ಓದುತ್ತಿರುವ ಕೋಲಾರದ ವಿದ್ಯಾರ್ಥಿನಿ. ಕೀಲುಗಳ ಕೋನ ತಿಳಿದಿದ್ದರೆ ಯಾಂತ್ರಿಕ ತೋಳಿನ ತುದಿ ಎಲ್ಲಿದೆ ಎಂಬುದನ್ನು 1955ರಲ್ಲಿ ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ ಪ್ರಕಟಿಸಿದ ಕ್ರಮದಂತೆ ಲೆಕ್ಕ ಹಾಕಲು, ಗಜೀಬೊ ತಂತ್ರಾಂಶದಲ್ಲಿ ಅದನ್ನು ಚಲಿಸಿ ನೋಡಲು ನಾವು ಚೆನ್ನಾಗಿಯೇ ಕಲಿತಿದ್ದೇವೆ. ಆದರೆ ಪರದೆಯ ಮೇಲೆ ಕರಾರುವಾಕ್ಕಾಗಿ ನಿಲ್ಲುವ ಅದೇ ತೋಳು, ಪ್ರಯೋಗಾಲಯದಲ್ಲಿ ಗಿಯರ್‌ಗಳ ಸಡಿಲದಿಂದಾಗಿ, ಹಿಡಿಯಬೇಕಾದ ಬೋಲ್ಟ್ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಘರ್ಷಣೆ, ಭಾರ, ಸೆನ್ಸರ್ ಅಳತೆಯ ಏರುಪೇರು ಇವನ್ನೆಲ್ಲ ಯಂತ್ರದ ಮುಂದೆ ನಿಂತೇ ಅರಿಯಬೇಕು; ಅದಕ್ಕೆ ನಮಗೆ ಸಿಗುವ ಅವಧಿ ತೀರಾ ಕಡಿಮೆ.

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ, ಜಿಲ್ಲಾ ಕೈಗಾರಿಕಾ ಕೇಂದ್ರವು ಅಲ್ಲಿನ ಕಾರ್ಖಾನೆಗಳೊಡನೆ ಮಾತುಕತೆ ನಡೆಸಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್‌ನ ಪ್ರಾಯೋಗಿಕ ತರಬೇತಿ ದೊರಕಿಸಿಕೊಡಬೇಕೆಂದು ವಿನಂತಿಸುತ್ತೇನೆ.

— ಎಂ.ಟೆಕ್ ವಿದ್ಯಾರ್ಥಿನಿ, ಕೋಲಾರ